ಅಧ್ಯಕ್ಷರ ಮನೆಯವರ ಕೈಗೆ ಕೊಟ್ಟ ಅರ್ಜಿ

ಯಾದಗಿರಿ
4 ಡಿಸೆಂಬರ್ 2024

ನಾಗರಬಂಡಿ ಪಟ್ಟಣ ಪಂಚಾಯಿತಿಯ ಮಾನ್ಯ ಅಧ್ಯಕ್ಷರಾದ ಶ್ರೀಮತಿ ಪಂಚಶೀಲಾ ಅವರಿಗೆ,

ಸಲಾಮ್. ಈ ಪತ್ರ ಕಚೇರಿಗೆ ಬರದೆ, ಕಚೇರಿ ಗುಡಿಸುವ ಮಾಳಮ್ಮನ ಮನೆ ವಿಳಾಸಕ್ಕೆ ಬಂತೆಂದು ಬೇಸರ ಮಾಡಿಕೊಳ್ಳಬೇಡಿ. ತಮ್ಮ ಮೊಬೈಲಿಗೆ ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕೂ ಸಲ ತಮ್ಮ ಯಜಮಾನರು ಎತ್ತಿ, "ಅಧ್ಯಕ್ಷರ ಮನಿಯವರು ಮಾತಾಡಾಕತ್ತೇವಿ, ಏನ್ ಕೆಲಸ ಹೇಳ್ರಿ" ಅಂದರು. ವಾಟ್ಸಪ್ಪಿನಲ್ಲಿ ಬರೆದರೂ ಓದುವವರು ಅವರೇ. ನನ್ನ ಕೆಲಸ ಅವರ ಹತ್ತಿರ ಇಲ್ಲ, ನಿಮ್ಮ ಹತ್ತಿರ ಇದೆ.

ಸಾಕು, ಈ "ನೀವು" ನನ್ನ ಕೈಲಿ ಆಗುವುದಿಲ್ಲ. ಹತ್ತನೇ ಇಯತ್ತೆವರೆಗೆ ಒಂದೇ ಬೆಂಚಿನಲ್ಲಿ ಕೂತವಳು ನೀನು.

ಪಂಚಿ, ಅಕ್ಟೋಬರ್ ಇಪ್ಪತ್ತೊಂದರ ಮಾತುಕತೆ ನೆನಪಿದೆಯಾ? ಬಸವಂತ್ರಾಯನ ಹೋಟೆಲಿನ ಹತ್ತೊಂಬತ್ತು ಜನ ನಿಮ್ಮ ಸಭಾಂಗಣಕ್ಕೆ ಬಂದಿದ್ದೆವು. ಹೋಟೆಲ್ ಇರುವುದು ಪಂಚಾಯಿತಿ ಕಟ್ಟಡದಲ್ಲಿ, ಅದಕ್ಕೇ ಕಾರ್ಮಿಕ ನಿರೀಕ್ಷಕರು ಅಲ್ಲಿಗೇ ಕರೆದಿದ್ದರು. ನೇಮಕದ ಕಾಗದ, ವಾರಕ್ಕೊಂದು ರಜೆ, ಸರ್ಕಾರ ಹೇಳಿದಷ್ಟು ಪಗಾರ, ಇಷ್ಟನ್ನು ಬರೆದು ಸಹಿ ಮಾಡಿದ ಒಂದು ಕರಾರು. ಬೇರೇನೂ ಕೇಳಿರಲಿಲ್ಲ. ನಿನ್ನ ಕುರ್ಚಿಯಲ್ಲಿ ನಿನ್ನ ಗಂಡ ಭೀಮರಾಯ ಕೂತಿದ್ದ. ನೀನು ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಫೈಲಿನ ಹಾಳೆ ತಿರುವುತ್ತಿದ್ದೆ. "ಬಸವಂತ್ರಾಯರು ಮಾತು ಕೊಟ್ಟಾರ. ಕಾಗದ ಯಾಕ ಬೇಕು ನಿಮಗ?" ಎಂದು ಅವನು ಅಂದ, ಎಲ್ಲರೂ ಚಹಾ ಕುಡಿದು ಎದ್ದರು.

ಮುಂದಿನದು ನಿನಗೆ ಗೊತ್ತಿದ್ದದ್ದೇ. ದೀಪಾವಳಿ ಅಮಾವಾಸ್ಯೆಯ ದಿನ ಎಲ್ಲರೂ ಕೆಲಸ ನಿಲ್ಲಿಸಬೇಕು, ಒಲೆ ಹಚ್ಚಬಾರದು ಎಂದು ನಾನೂ ಅಡುಗೆಯ ಹುಲಗಪ್ಪನೂ ಗುಟ್ಟಾಗಿ ಗೊತ್ತು ಮಾಡಿದೆವು, ಉಳಿದವರಿಗೆ ಹಿಂದಿನ ದಿನ ಹೇಳುವುದೆಂದಿತ್ತು. ಅದಕ್ಕೆ ಮೊದಲೇ, ಇಪ್ಪತ್ತೊಂಬತ್ತರ ಸಂಜೆ, ಗಿರಾಕಿಗಳು ತುಂಬಿದ್ದ ಹೊತ್ತಿನಲ್ಲಿ ಬಸವಂತ್ರಾಯ ನನ್ನ ಚೀಲ ಕಸಿದು ಬಾಗಿಲಲ್ಲಿ ಬೋರಲು ಹಾಕಿದ. ಐದು ಮುರುಕು ರೊಟ್ಟಿ ಬಿದ್ದವು. ತಟ್ಟುವಾಗ ಹರಿದ, ಸುಡುವಾಗ ಮುರಿದ ರೊಟ್ಟಿ ರೊಟ್ಟಿ ತಟ್ಟುವವರಿಗೇ ಸೇರುವುದು ಎಂದು ಅವರಪ್ಪನ ಕಾಲದಿಂದ ನಡೆದುಬಂದಿದೆ. ಹದಿನಾಲ್ಕು ವರ್ಷ ಅವನ ಕಣ್ಣೆದುರೇ ಒಯ್ದಿದ್ದೇನೆ. ಅವತ್ತು ಮಾತ್ರ "ಕಳ್ಳಿ" ಅಂದ. ನನ್ನ ಕೈಯಿಂದಲೇ ಆಯಿಸಿ, ಎಣಿಸಿ, ಕೆಲಸದಿಂದ ತೆಗೆದ. ಉಳಿದವರು ಹೆದರಿದರು. ಅಮಾವಾಸ್ಯೆಯ ದಿನ ಒಲೆ ಎಂದಿನಂತೆ ಹತ್ತಿತು.

ಈಗ ಇಲ್ಲಿ ತಂಗಿಯ ಮನೆಯಲ್ಲಿದ್ದು ಹುಡುಗಿಯರ ಹಾಸ್ಟೆಲಿಗೆ ಅಡುಗೆ ಮಾಡುತ್ತೇನೆ. ಸಂಕಟ ಹೇಳಿಕೊಳ್ಳಲು ಬರೆಯುತ್ತಿಲ್ಲ. ನನಗೆ ಸೇಡು ಬೇಕು. ಆ ಕುರ್ಚಿಯಲ್ಲಿ ಒಂದು ದಿನವಾದರೂ ನೀನು ಕೂರುತ್ತೀಯೋ ಇಲ್ಲವೋ, ಅದಷ್ಟು ಹೇಳು.

ಮಸರತ

*

ನಾಗರಬಂಡಿ
11 ಡಿಸೆಂಬರ್ 2024

ಪ್ರೀತಿಯ ಮಸರತ,

ನಿನ್ನ ಪತ್ರವನ್ನು ಮಾಳಮ್ಮ ಕಸದ ಬುಟ್ಟಿಯ ಕೆಳಗಿಟ್ಟುಕೊಂಡು ತಂದಳು. ನಿಂತೇ ಓದಿದೆ. ನೀನು ಬೈದದ್ದು ಸರಿ. ಆದರೆ ನನ್ನ ಸ್ಥಿತಿಯೂ ನಿನಗೆ ತಿಳಿದಿರಲಿ ಎಂದು ಬರೆಯುತ್ತೇನೆ.

ಮೀಸಲಾತಿ ಬಂತು, ನನ್ನ ಹೆಸರು ಬರೆಸಿದರು, ಗೆದ್ದೆ, ಅಧ್ಯಕ್ಷಳಾದೆ. ಹೂಮಾಲೆ ನನ್ನ ಕೊರಳಿಗೆ ಬಿತ್ತು, ಉಳಿದದ್ದೆಲ್ಲ ಇವರ ಕೈಗೆ ಹೋಯಿತು. ಬಿ.ಎ. ಮಾಡಿದವಳು ನಾನು, ಆದರೆ ಸಹಿ ಮಾಡುವ ಜಾಗಕ್ಕೆ ಇವರು ಪೆನ್ಸಿಲಿನಲ್ಲಿ ಗುರುತು ಹಾಕಿ ಕೊಡುತ್ತಾರೆ. ಊರಿನವರೂ ಕಲಿತುಬಿಟ್ಟಿದ್ದಾರೆ. ಯಾರಿಗೆ ಏನು ಅರ್ಜಿ ಕೊಡಬೇಕಾದರೂ ಕಚೇರಿಯ ಆವಕ ವಿಭಾಗದಲ್ಲಿ ಮುದ್ರೆ ಒತ್ತಿಸುವುದಿಲ್ಲ, ನೇರವಾಗಿ "ಅಧ್ಯಕ್ಷರ ಮನಿಯವರ" ಕೈಗೆ ಕೊಡುತ್ತಾರೆ. ಇವರು ಜೇಬಿಗೆ ಹಾಕಿಕೊಳ್ಳುತ್ತಾರೆ, ನೆನಪಾದರೆ ಗುಮಾಸ್ತನಿಗೆ ಕೊಡುತ್ತಾರೆ.

ಮೊನ್ನೆಯದೇ ನೋಡು. ಬಸವಂತ್ರಾಯ ಮನೆಗೆ ಬಂದಿದ್ದ. ಹೋಟೆಲ್ ಕಟ್ಟಡದ ಕರಾರು ಮಾರ್ಚ್ ಮೂವತ್ತೊಂದಕ್ಕೆ ಮುಗಿಯುತ್ತದೆ, ಇನ್ನು ಹತ್ತು ವರ್ಷಕ್ಕೆ ಮುಂದುವರಿಸಿ ಎಂಬ ಅರ್ಜಿ. ಇವರ ಕೈಗೆ ಕೊಟ್ಟ. ಚಹಾ ತಂದಿಟ್ಟ ನನ್ನ ಮುಖವನ್ನೂ ನೋಡಲಿಲ್ಲ. ಹೋಗುವಾಗ "ತಂಗಿ, ಸಕ್ಕರಿ ಜಾಸ್ತಿ ಆಗ್ಯಾದ" ಅಂದ. ಆ ಅರ್ಜಿ ಇವತ್ತಿಗೂ ನಮ್ಮ ಫ್ರಿಜ್ಜಿನ ಮೇಲೆ ಬಿದ್ದಿದೆ. ನನ್ನ ಅಧಿಕಾರ ಇಷ್ಟೇ.

ಅಮಾವಾಸ್ಯೆಯ ಸುದ್ದಿಯನ್ನು ಬಸವಂತ್ರಾಯನಿಗೆ ಯಾರು ಮುಟ್ಟಿಸಿದರೋ ಏನೋ. ಅದನ್ನೆಲ್ಲ ಮರೆತುಬಿಡು. ಆರೋಗ್ಯ ನೋಡಿಕೋ.

ಪಂಚಶೀಲಾ

*

ಯಾದಗಿರಿ
15 ಡಿಸೆಂಬರ್ 2024

ಪಂಚಿ,

ಫ್ರಿಜ್ಜಿನ ಮೇಲೆ! ಆ ಸಾಲನ್ನು ಹತ್ತು ಸಲ ಓದಿದೆ. ನಿನ್ನ ದುಃಖದ ಪತ್ರದಲ್ಲಿ ಎಂಥ ಹಬ್ಬದೂಟ ಬಡಿಸಿದ್ದೀಯ ಎಂದು ನಿನಗೇ ಗೊತ್ತಿಲ್ಲ.

ಹದಿನಾಲ್ಕು ವರ್ಷ ಆ ದುಡ್ಡಿನ ಗಲ್ಲೆಯ ಹಿಂದೆ ತೂಗುಹಾಕಿದ್ದ ಕರಾರಿನ ಚೌಕಟ್ಟನ್ನು ನೋಡುತ್ತ ರೊಟ್ಟಿ ತಟ್ಟಿದವಳು ನಾನು. ಏಳನೇ ಷರತ್ತು: ಮುಂದುವರಿಸಬೇಕಾದರೆ ಮುಗಿಯುವ ಮೂರು ತಿಂಗಳು ಮೊದಲು ಕಚೇರಿಗೆ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯಬೇಕು, ಇಲ್ಲದಿದ್ದರೆ ಕಟ್ಟಡ ಹರಾಜಿಗೆ. ಅಂದರೆ ಈ ಡಿಸೆಂಬರ್ ಮೂವತ್ತೊಂದು. ಮುದ್ರೆ ಬಿದ್ದಿದೆಯಾ? ನೀನೇ ಹೇಳುತ್ತೀಯ, ಬಿದ್ದಿಲ್ಲ. ಅವನೋ ಭೀಮರಾಯನ ಕೈಗೆ ಕೊಟ್ಟರೆ ಸರ್ಕಾರಕ್ಕೇ ಕೊಟ್ಟಂತೆ ಎಂದು ಕಾಲು ಚಾಚಿ ಮಲಗಿದ್ದಾನೆ.

ನೀನು ಏನೂ ಮಾಡಬೇಡ. ಅರ್ಜಿ ಹರಿಯಬೇಡ, ಬಚ್ಚಿಡಬೇಡ, ಗಂಡನ ಜೊತೆ ಜಗಳ ಬೇಡ. ಸುಮ್ಮನಿರು. ಮಾತುಕತೆಯ ದಿನ ಎರಡು ತಾಸು ಸುಮ್ಮನಿದ್ದೆಯಲ್ಲ, ಈಗ ಹದಿನಾರು ದಿನ ಸುಮ್ಮನಿರು. ನನಗೆ ಬೇಕಾದ ಉಪಕಾರ ಅಷ್ಟೇ.

ಇನ್ನೊಂದು ಮಾತು. ಯಾರು ಸುದ್ದಿ ಮುಟ್ಟಿಸಿದರೋ ಎಂದು ಕೇಳಿದ್ದೀಯ. ಅಮಾವಾಸ್ಯೆಯ ಗುಟ್ಟು ಗೊತ್ತಿದ್ದದ್ದು ಮೂವರಿಗೆ: ನನಗೆ, ಹುಲಗಪ್ಪನಿಗೆ, ನಿನಗೆ. ನೀನು ಹೇಳುವವಳಲ್ಲ. ನನ್ನ ಚೀಲ ಬೋರಲಾದಾಗ ಹುಲಗಪ್ಪ ಒಲೆಯ ಮುಂದಿನಿಂದ ಅಲುಗಲಿಲ್ಲ. ಮರುವಾರ ಅವನನ್ನು ದೊಡ್ಡ ಅಡುಗೆಯವನನ್ನಾಗಿ ಮಾಡಿದರು. ಮತ್ತೆ ಸಾಕ್ಷಿ ಬೇಕಾ? ಬಸವಂತ್ರಾಯನದು ಮುಗಿಯಲಿ, ಆಮೇಲೆ ಅವನ ಸರದಿ.

ಮಸರತ

*

ನಾಗರಬಂಡಿ
2 ಜನವರಿ 2025

ಮಸರತ,

ಆಯಿತು.

ಹದಿನಾರು ದಿನ ಆ ಅರ್ಜಿ ಫ್ರಿಜ್ಜಿನ ಮೇಲೇ ಇತ್ತು. ನೀನು ಏನೂ ಮಾಡಬೇಡ ಅಂದಿದ್ದೆ. ನಾನೊಂದು ಮಾಡಿದೆ: ಫ್ರಿಜ್ಜಿಗೆ ಹೊಸ ಹೊದಿಕೆ ಹೊಲಿದು, ಅರ್ಜಿ ಇದ್ದಂತೆಯೇ ಅದರ ಮೇಲೆ ಹೊದಿಸಿದೆ. ಇಪ್ಪತ್ತೇಳರಂದು ಬಸವಂತ್ರಾಯನ ಫೋನ್ ಬಂತು. "ಎಲ್ಲಾ ಆಗ್ಯಾದ, ನೀವು ಚಿಂತಿ ಬಿಡ್ರಿ" ಎಂದು ಇವರು ಹೇಳುವುದು ಅಡುಗೆಮನೆಗೆ ಕೇಳಿಸಿತು. ಎಲ್ಲಿಟ್ಟಿದ್ದಾರೆಂದು ಇವರಿಗೇ ನೆನಪಿರಲಿಲ್ಲ. ನನ್ನನ್ನು ಕೇಳಲಿಲ್ಲ, ಕೇಳಿದ್ದರೆ ಕೊಡುತ್ತಿದ್ದೆ ಎಂದೇ ತೋರುತ್ತದೆ. ನನ್ನನ್ನು ಏನನ್ನಾದರೂ ಕೇಳಿ ಅಭ್ಯಾಸವಿಲ್ಲ ಅವರಿಗೆ.

ಮೂವತ್ತೊಂದರ ಸಂಜೆ ನಾನೇ ಕಚೇರಿಗೆ ಹೋದೆ. ಆವಕ ಪುಸ್ತಕ ತರಿಸಿ, ಆಮೇಲೆ ಏನೂ ಸೇರಿಸದಂತೆ ಕೊನೆಯ ಸಾಲಿನ ಕೆಳಗೆ ಗೆರೆ ಎಳೆಸಿ, ಮುಖ್ಯಾಧಿಕಾರಿಯ ಸಹಿ ಮಾಡಿಸಿದೆ. ಅವರು ಮೊದಲ ಸಲ ನನಗೆ ಎದ್ದು ನಿಂತು "ಮೇಡಂ" ಅಂದರು.

ಹೆದರಿಕೆಯಿದೆ. ಆದರೆ ಸುಳ್ಳು ಹೇಳಲಾರೆ, ಸಂತೋಷವೂ ಇದೆ. ಹುಲಗಪ್ಪನ ವಿಷಯದಲ್ಲಿ ಆತುರ ಬೇಡ. ಪಾಪ, ಮಕ್ಕಳೊಂದಿಗ.

ಪಂಚಶೀಲಾ

*

ಯಾದಗಿರಿ
6 ಜನವರಿ 2025

ನನ್ನ ಪಂಚಿ,

ನಿನ್ನ ಪತ್ರ ಓದಿ ಹಾಸ್ಟೆಲಿನ ಎಂಬತ್ತು ಹುಡುಗಿಯರಿಗೆ ನನ್ನ ಖರ್ಚಿನಲ್ಲಿ ಶಾವಿಗೆ ಪಾಯಸ ಮಾಡಿ ಹಾಕಿದೆ. ಯಾಕೆ ಎಂದು ವಾರ್ಡನ್ ಕೇಳಿದರು. "ಊರಾಗ ಒಬ್ಬರ ಮನಿ ಒಲಿ ಆರಾಕತ್ತಾದ್ರಿ" ಅಂದೆ. ಅವರಿಗೆ ಅರ್ಥವಾಗಲಿಲ್ಲ.

ಈಗ ಹರಾಜು ಹಾಕು. ಆ ಹೋಟೆಲಿನ ಬೋರ್ಡು ಇಳಿಸುವ ದಿನ ನಾನು ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಬೇಕು. ಬಸವಂತ್ರಾಯ ತನ್ನ ಪಾತ್ರೆಪಗಡೆ ಟೆಂಪೋಗೆ ಏರಿಸುವಾಗ ಒಂದೊಂದನ್ನೂ ಬೋರಲು ಹಾಕಿ ನೋಡಬೇಕು, ಪಂಚಾಯಿತಿಯ ಸಾಮಾನು ಕದ್ದು ಒಯ್ಯುತ್ತಿಲ್ಲ ತಾನೇ ಎಂದು. ಕೆಟ್ಟವಳು ಅನ್ನು. ಅನ್ನಿಸಿಕೊಳ್ಳುತ್ತೇನೆ.

ಹುಲಗಪ್ಪನಿಗೆ ಪಾಪ ಅನ್ನಬೇಡ. ನನಗೂ ಹೊಟ್ಟೆ ಇತ್ತು.

ಮಸರತ

*

ನಾಗರಬಂಡಿ
9 ಫೆಬ್ರವರಿ 2025

ಪ್ರೀತಿಯ ಮಸರತ,

ತಡವಾಗಿ ಬರೆಯುತ್ತಿದ್ದೇನೆ. ಗುರುವಾರ ಸಾಮಾನ್ಯ ಸಭೆ ಇತ್ತು. ನಡೆದದ್ದನ್ನು ಇದ್ದ ಹಾಗೆ ಬರೆಯುತ್ತೇನೆ, ನೀನೇ ಕೂತು ನೋಡಿದಂತಿರಲಿ.

ನಾನು ಇವರಿಗಿಂತ ಮೊದಲು ಹೋಗಿ ನನ್ನ ಕುರ್ಚಿಯಲ್ಲಿ ಕೂತೆ. ಇವರು ಬಂದು ತಲೆಯ ಹತ್ತಿರ ನಿಂತರು. "ಸಾರ್ವಜನಿಕರು ಹಿಂದ ಕೂಡ್ರಬೇಕ್ರಿ" ಅಂದೆ. ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿದರು. ಇವರು ನಗುತ್ತಲೇ ಹಿಂದೆ ಹೋಗಿ ಕೂತರು. ಆ ನಗು ಮನೆಗೆ ಬಂದ ಮೇಲೆ ಏನಾಯಿತು ಎಂದು ಬರೆಯುವುದಿಲ್ಲ.

ಮುಖ್ಯಾಧಿಕಾರಿ ಓದಿದರು: ಹೋಟೆಲ್ ಕಟ್ಟಡದ ಕರಾರು ಮುಂದುವರಿಸಲು ಅವಧಿಯೊಳಗೆ ಅರ್ಜಿ ಬಂದಿಲ್ಲ. ಬಸವಂತ್ರಾಯ ಎದ್ದು ನಿಂತ.

"ಬಂದಿಲ್ಲ ಅಂದ್ರ ಹ್ಯಾಂಗ್ರಿ? ಅಧ್ಯಕ್ಷರ ಕೈಯಾಗ ಕೊಟ್ಟೇನಿ."

"ಅಧ್ಯಕ್ಷಿ ನಾನು, ಇಲ್ಲೇ ಕುಂತೇನಿ," ಅಂದೆ. "ನನ್ನ ಕೈಯಾಗ ಕೊಟ್ಟೀರೇನು?"

"ನಿಮ್ಮ ಮನಿಯವರ ಕೈಯಾಗ..."

"ನಮ್ಮ ಮನಿಯವರು ಪಂಚಾಯ್ತಿ ನೌಕರರಲ್ಲ, ಮೆಂಬರೂ ಅಲ್ಲ. ಸ್ವೀಕೃತಿ ತೋರಸ್ರಿ."

ಅವನು ಇವರನ್ನು ನೋಡಿದ. ಇವರು ಮೊಬೈಲ್ ನೋಡುತ್ತ ಕೂತರು. ಇಡೀ ಸಭೆಯೆದುರು "ಹೌದು, ಅರ್ಜಿ ನನ್ನ ಹತ್ತಿರ ಇತ್ತು" ಎಂದು ಯಾವ ಗಂಡಸು ಹೇಳುತ್ತಾನೆ? ಬಸವಂತ್ರಾಯನ ಕುತ್ತಿಗೆಯ ಮೇಲೆ ಬೆವರು ಇಳಿಯುತ್ತಿತ್ತು. ನಿನಗೆ ಅದೊಂದನ್ನು ತಪ್ಪದೆ ಬರೆಯಬೇಕು ಅಂದುಕೊಂಡೆ.

ಈಗ ನೀನು ಸಿಟ್ಟಾಗುವ ಮಾತು. ಹರಾಜು ಹಾಕಲಿಲ್ಲ. ಹಾಕಿದರೆ ಬೇರೆ ಊರಿನ ದೊಡ್ಡ ಕುಳಗಳು ಬರುತ್ತವೆ, ತಮ್ಮ ಆಳು ತಮ್ಮ ಅಡುಗೆಯವರನ್ನು ಕರೆತರುತ್ತವೆ, ನಿನ್ನವರು ಬೀದಿಗೆ ಬೀಳುತ್ತಾರೆ. ಅದಕ್ಕೇ ಹೀಗೆ ಠರಾವು ಮಾಡಿಸಿದೆ: ಕಾರ್ಮಿಕ ಅಧಿಕಾರಿಯ ಎದುರು ಕೆಲಸಗಾರರೊಂದಿಗೆ ಕರಾರಿಗೆ ಸಹಿ ಹಾಕಿದರೆ ಮಾತ್ರ ತಡವನ್ನು ಮನ್ನಿಸಿ ಕಟ್ಟಡದ ಕರಾರಿನ ಮುಂದುವರಿಕೆ, ಇಲ್ಲದಿದ್ದರೆ ಏಪ್ರಿಲ್ ಒಂದಕ್ಕೆ ಬೀಗ. ನಿನ್ನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲೇಬೇಕು. ಏಳು ಕೈ ಎದ್ದವು, ಆರು ಇಳಿದೇ ಇದ್ದವು.

ಕೆಲಸಗಾರರ ಪ್ರತಿನಿಧಿ ಇಂದಿಗೂ ನೀನೇ. ಷರತ್ತು, ಹೆಸರಿನ ಪಟ್ಟಿ ಎರಡನ್ನೂ ಬರೆದು ಕಳಿಸು. ಹತ್ತೊಂಬತ್ತು ಹೆಸರನ್ನೂ ಬರೆ ಎಂದು ಕೇಳಿಕೊಳ್ಳುತ್ತೇನೆ.

ಪಂಚಶೀಲಾ

*

ಯಾದಗಿರಿ
14 ಫೆಬ್ರವರಿ 2025

ಪಂಚಿ,

ನಿನ್ನ ಪತ್ರ ಓದುತ್ತ ಬೆವರಿನ ಸಾಲಿನವರೆಗೆ ಕುಣಿದೆ, ಠರಾವಿಗೆ ಬಂದಾಗ ಹಾಳೆ ಮುದ್ದೆ ಮಾಡಿ ಎಸೆದೆ. ಆಮೇಲೆ ಎತ್ತಿಕೊಂಡು ಇಸ್ತ್ರಿ ಮಾಡಿದ ಹಾಗೆ ಬಿಡಿಸಿ ಮತ್ತೆ ಓದಿದೆ. ನಿನ್ನ ಮಾತು ಸರಿ. ಸರಿಯಾದದ್ದಕ್ಕೇ ಇನ್ನಷ್ಟು ಸಿಟ್ಟು ಬಂತು.

ಆಗಲಿ, ಕರಾರು ಮಾಡೋಣ. ಆದರೆ ನಾನು ಬರೆದ ಹಾಗೆ. ಪಗಾರ, ವಾರದ ರಜೆ, ನೇಮಕದ ಕಾಗದ ಇದ್ದದ್ದೇ. ಬೇಕಾದ ದಿನ ವಾರದ ರಜೆ ಕೇಳಿದರೆ ಮಾಲೀಕ ಇಲ್ಲ ಅನ್ನುವಂತಿಲ್ಲ ಎಂದು ಸೇರಿಸಿದ್ದೇನೆ. ಒಂಬತ್ತನೆಯದನ್ನು ನೀನೇ ಓದು: "ತಟ್ಟುವಾಗ, ಸುಡುವಾಗ ಮುರಿದ ರೊಟ್ಟಿಗಳು ರೊಟ್ಟಿ ತಟ್ಟುವವರಿಗೆ ಸೇರಿದವು. ಅವನ್ನು ಒಯ್ಯುವುದು ಹಕ್ಕು, ಕಳವಲ್ಲ." ಇದರ ಕೆಳಗೆ ಅವನು ಬೇರೆಯಾಗಿ ಸಹಿ ಹಾಕಬೇಕು. ಕಚೇರಿಯಲ್ಲಲ್ಲ, ಅವನದೇ ಹೋಟೆಲಿನ ಬಾಗಿಲಲ್ಲಿ, ಊಟದ ಹೊತ್ತಿನಲ್ಲಿ.

ಪಟ್ಟಿ ಕಳಿಸಿದ್ದೇನೆ. ಹದಿನೆಂಟು ಹೆಸರು. ಯಾವುದು ಇಲ್ಲ ಎಂದು ನಿನಗೆ ಗೊತ್ತು, ಯಾಕೆ ಎಂದೂ ಗೊತ್ತು. ಉಳಿದವರು ಕೇಳಿದರು, ಒಪ್ಪಿಸಿದೆ. ಇದರಲ್ಲಿ ಕೈ ಹಾಕಬೇಡ.

ಮಸರತ

*

ನಾಗರಬಂಡಿ
3 ಮಾರ್ಚ್ 2025

ಪಂಚಿ,

ಒಂದೇ ಊರಿನಲ್ಲಿದ್ದೂ ಬರೆಯುತ್ತಿದ್ದೇನೆ. ಶುಕ್ರವಾರ, ಸಹಿಯ ದಿನ, ನಿನ್ನೊಡನೆ ಮಾತಾಡಲಾಗಲಿಲ್ಲ. ಹೆಸರಿನ ಪಟ್ಟಿ ಓದಿ ಮುಗಿದದ್ದೇ ನೀನು ಜೀಪು ಹತ್ತಿ ಹೋಗಿಬಿಟ್ಟೆ. ಮೂರು ವಾರದಿಂದ ಪತ್ರವೂ ಇಲ್ಲ. ಯಾಕೆ? ಮನೆಯಲ್ಲಿ ಜೋರಾಗಿದೆಯಾ?

ಹೋಗಲಿ, ನೀನು ನೋಡದೆ ಉಳಿದದ್ದನ್ನು ಹೇಳುತ್ತೇನೆ. ಒಂಬತ್ತನೆಯ ಷರತ್ತಿಗೆ ಬಂದಾಗ ಬಸವಂತ್ರಾಯ ಪೆನ್ನು ಹಿಡಿದು ನನ್ನ ಕಡೆ ನೋಡಿದ. "ಜೋರಾಗಿ ಓದ್ರಿ ಧಣಿ, ನನಗ ಸರಿಯಾಗಿ ಕೇಳಸಂಗಿಲ್ಲ" ಅಂದೆ. ಕಾರ್ಮಿಕ ಅಧಿಕಾರಿ ತಲೆಯಾಡಿಸಿದರು. ಓದಿದ. "ಕಳವಲ್ಲ" ಅಂದದ್ದೇ ನೀರು ಕೇಳಿದ. ನಾನೇ ತಂದುಕೊಟ್ಟೆ. ಪಂಚಿ, ಆ ನೀರು ಕೊಡುವ ಸುಖವನ್ನು ಏನೆಂದು ಬರೆಯಲಿ! ನಾಲ್ಕು ತಿಂಗಳು ನಿದ್ದೆ ಮಾಡದವಳು ಅವತ್ತು ಸತ್ತವಳಂತೆ ಮಲಗಿದೆ.

ಮರುದಿನ ಹುಲಗಪ್ಪ ಎಂದಿನಂತೆ ಕೆಲಸಕ್ಕೆ ಬಂದ. ಬಸವಂತ್ರಾಯನಿಗೂ ಯಾರ ಮೇಲಾದರೂ ಸಿಟ್ಟು ತೀರಿಸಬೇಕಿತ್ತಲ್ಲ. "ಪಟ್ಟಿಯೊಳಗ ನಿನ್ನ ಹೆಸರಿಲ್ಲ. ನಿಮ್ಮವರಿಗೇ ಬ್ಯಾಡಾದಾಂವ ನನಗ್ಯಾಕ?" ಎಂದು ಬಾಗಿಲಿಂದಲೇ ಕಳಿಸಿದ. ಹುಲಗಪ್ಪ ನನ್ನ ಕಡೆ ನೋಡಿದ. ನಾನು ರೊಟ್ಟಿ ತಟ್ಟುತ್ತಿದ್ದೆ, ತಟ್ಟುತ್ತಲೇ ಇದ್ದೆ. ಒಂದೂ ಹರಿಯಲಿಲ್ಲ.

ರಮಜಾನ್ ಶುರುವಾಗಿದೆ. ನಿನಗೂ ದುವಾ ಕೇಳುತ್ತಿದ್ದೇನೆ.

ಮಸರತ

*

ನಾಗರಬಂಡಿ
12 ಮಾರ್ಚ್ 2025

ಮಸರತ,

ಈ ಪತ್ರವನ್ನು ಅಕ್ಟೋಬರಿನಲ್ಲೇ ಬರೆಯಬೇಕಿತ್ತು. ಆರು ಸಲ ಬರೆದು ಹರಿದಿದ್ದೇನೆ. ಈಗ ಒಂದೇ ಉಸಿರಿಗೆ ಬರೆಯುತ್ತೇನೆ.

ಸುದ್ದಿ ಮುಟ್ಟಿದ್ದು ಹುಲಗಪ್ಪನಿಂದ ಅಲ್ಲ. ನನ್ನಿಂದ.

ಅಕ್ಟೋಬರ್ ಇಪ್ಪತ್ತೇಳು, ಭಾನುವಾರ. ರೇಷನ್ ಅಂಗಡಿ ಮುಂದೆ ನೀನು ಅಮಾವಾಸ್ಯೆಯ ವಿಷಯ ನನ್ನ ಕಿವಿಯಲ್ಲಿ ಹೇಳಿದೆ. ಅವತ್ತು ಊಟಕ್ಕೆ ಕೂತಾಗ ಇವರು ಗೆಳೆಯರ ಮುಂದೆ ನನ್ನನ್ನು ಆಡಿಕೊಳ್ಳುತ್ತಿದ್ದರು. "ನಮ್ಮ ಅಧ್ಯಕ್ಷಿಗಿ ಊರಾಗ ಏನ್ ನಡದದ ಗೊತ್ತಿಲ್ಲ, ಸೀರಿಯಲ್ಲಿನಾಗ ಏನ್ ನಡದದ ಕೇಳ್ರಿ, ಹೇಳ್ತಾಳ." ಎಲ್ಲರೂ ನಕ್ಕರು. ನನಗೆ ತಡೆಯಲಾಗಲಿಲ್ಲ. "ನಿಮಗೇನ್ ಗೊತ್ತು? ಅಮಾಸಿ ದಿನ ಬಸವಂತ್ರಾಯನ ಹೋಟೆಲದಾಗ ಒಲಿನೇ ಹತ್ತಂಗಿಲ್ಲ. ಮಸರತ ಹೇಳ್ಯಾಳ" ಅಂದುಬಿಟ್ಟೆ. ನಗು ನಿಂತಿತು. ಅವರಿಗಿಂತ ಮೊದಲು ನನಗೆ ಗೊತ್ತಿದ್ದ ಒಂದೇ ಒಂದು ಸಂಗತಿ ಅದು. ಅದನ್ನು ಅನ್ನದ ಮುಂದೆ ಇಟ್ಟು ದೊಡ್ಡಸ್ತಿಕೆ ತೋರಿಸಿಕೊಂಡೆ. ಇವರು ಕೈ ತೊಳೆದು ನೇರ ಹೋಟೆಲಿಗೇ ಹೋದರು.

ನೀನು ಹುಲಗಪ್ಪನ ಹೆಸರು ಬರೆದಾಗಲೇ ಹೇಳಬಹುದಿತ್ತು. ಅವನ ಮೇಲೆ ನಿನ್ನ ಸಿಟ್ಟಿದ್ದಷ್ಟು ದಿನ ನನ್ನ ಮೇಲೆ ನಿನ್ನ ಪ್ರೀತಿ ಇರುತ್ತದೆ ಎಂದು ಸುಮ್ಮನಾದೆ. ನಿನಗಾಗಿ ಇಷ್ಟೆಲ್ಲ ಮಾಡಿದರೆ ಅದು ಅಳಿಸಿಹೋಗುತ್ತದೆ ಎಂದುಕೊಂಡಿದ್ದೆ. ಸಹಿಯ ದಿನ ಹದಿನೆಂಟು ಹೆಸರು ಓದುವಾಗ ಹತ್ತೊಂಬತ್ತನೆಯದು ನನ್ನ ಕಿವಿಯಲ್ಲಿ ಕೂಗಿತು. ನಿನ್ನ ಮುಖ ನೋಡಲಾಗದೆ ಜೀಪು ಹತ್ತಿದೆ.

ಏನು ಶಿಕ್ಷೆ ಕೊಟ್ಟರೂ ತೆಗೆದುಕೊಳ್ಳುತ್ತೇನೆ.

ಪಂಚಶೀಲಾ

*

ನಾಗರಬಂಡಿ
17 ಮಾರ್ಚ್ 2025

ಅಧ್ಯಕ್ಷರಿಗೆ,

ಪತ್ರ ಮುಟ್ಟಿತು.

ನಿನ್ನೆ ಹುಲಗಪ್ಪನ ಮನೆಗೆ ಹೋಗಿದ್ದೆ. ಅವನಿಲ್ಲ. ಸೈದಾಪುರದ ಕಡೆ ಯಾವುದೋ ಕಾರ್ಖಾನೆಯ ಕ್ಯಾಂಟೀನಿನಲ್ಲಿ ದಿನಗೂಲಿಗೆ ಪಾತ್ರೆ ತಿಕ್ಕುತ್ತಿದ್ದಾನೆ. ದೊಡ್ಡ ಅಡುಗೆಯವನಾಗಿದ್ದವನು. ಹೆಂಡತಿ ಮೋನಮ್ಮ ಬಾಗಿಲಲ್ಲೇ ನಿಲ್ಲಿಸಿದಳು. ಒಳಗೆ ಬಾ ಅನ್ನಲಿಲ್ಲ.

"ನಿನ್ನ ಕೆಲಸಾ ಹೋದ ಮರುದಿನಾನೇ ನನ್ನ ಗಂಡ ಧಣಿ ಮನಿಗಿ ಹೋಗಿ, ಆಕಿನ್ನ ವಾಪಸ್ ತಗೋರಿ ಅಂತ ಕೈ ಮುಗದಾನ," ಅಂದಳು. "ಯಾರ ಮುಂದೂ ಹೇಳಿಲ್ಲ. ಧಣಿ ನಿನಗ ಕಳ್ಳಿ ಅಂದಾನ, ಅದಕ್ಕ ನೀ ಊರಿಗೇ ಕೇಳಂಗ ಅತ್ತಿ. ನನ್ನ ಗಂಡಗ ನೀ ಏನೂ ಅನ್ನಲೇ ಇಲ್ಲ. ಹೆಸರ ಬರೀಲಿಲ್ಲ, ಅಷ್ಟ. ನಾ ಏನ್ ತಪ್ಪ ಮಾಡೇನಂತ ಅಂವಾ ಇನ್ನೂ ಕೇಳಾಕತ್ತಾನ. ನಾ ಏನ್ ಹೇಳಲಿ?"

ನಾನು ಅವಳ ಕಾಲು ಹಿಡಿಯಲು ಬಗ್ಗಿದೆ. ಅವಳು ಹಿಂದೆ ಸರಿದಳು.

ಪಂಚಿ, ನನ್ನನ್ನು ನಾನು ಮೊದಲು ಬೈದುಕೊಂಡಿದ್ದೇನೆ, ಉಳಿದದ್ದು ನಿನ್ನ ಪಾಲಿಗೆ. ಬಸವಂತ್ರಾಯ ನನ್ನನ್ನು ವಿಚಾರಿಸದೆ ಕಳ್ಳಿ ಅಂದ. ನಾನು ಹುಲಗಪ್ಪನನ್ನು ವಿಚಾರಿಸದೆ ಪಟ್ಟಿಯಿಂದ ಹೊಡೆದು ಹಾಕಿದೆ. ನೀನು ಪಕ್ಕದಲ್ಲಿ ನಿಂತು ನನ್ನ ಕೈಗೆ ಪೆನ್ನು ಕೊಟ್ಟೆ.

ಶಿಕ್ಷೆ ಕೇಳಿದ್ದೀಯ. ತಗೋ. ಕರಾರಿನ ಹದಿಮೂರನೆಯ ಷರತ್ತು: ಪಟ್ಟಿಯಲ್ಲಿ ಲೋಪವಾಗಿದ್ದರೆ ಮೂವತ್ತು ದಿನದೊಳಗೆ ಕೆಲಸಗಾರರ ಪ್ರತಿನಿಧಿಯೂ ಪಂಚಾಯಿತಿ ಅಧ್ಯಕ್ಷರೂ ಕಾರಣ ಬರೆದು ಸಹಿ ಮಾಡಿದರೆ ತಿದ್ದಬೇಕು. ನನ್ನ ಕಾರಣ ಬರೆದಾಗಿದೆ: "ನಿರಪರಾಧಿಯ ಮೇಲೆ ಸುಳ್ಳು ಅನುಮಾನಪಟ್ಟು ನಾನೇ ಹೆಸರು ಬಿಟ್ಟೆ." ಅದರ ಕೆಳಗೆ ನಿನಗೆ ಜಾಗ ಬಿಟ್ಟಿದ್ದೇನೆ. ಇಪ್ಪತ್ತೆಂಟರ ಶುಕ್ರವಾರ ಕಾರ್ಮಿಕ ಅಧಿಕಾರಿ ಬರುತ್ತಾರೆ. ನಿನ್ನ ಬಾಯಿಂದ ನೀನೇ ಓದಬೇಕು, ನಿನ್ನ ಗಂಡ, ಬಸವಂತ್ರಾಯ, ಹದಿಮೂರು ಸದಸ್ಯರು, ಹುಲಗಪ್ಪ, ಎಲ್ಲರೆದುರು. ಕುರ್ಚಿ ಹೋದರೆ ಹೋಗಲಿ. ನೀನು ಬಾರದಿದ್ದರೆ ನಿನ್ನ ಪತ್ರವನ್ನು ನಾನು ಓದುತ್ತೇನೆ.

ಮಸರತ

*

ಕೆಂಭಾವಿ
2 ಏಪ್ರಿಲ್ 2025

ಮಸರತ,

ಈದ್ ಮುಬಾರಕ್. ಮೊನ್ನೆ ನಿನ್ನ ಮನೆಗೆ ಬರಬೇಕೆನಿಸಿತು, ಧೈರ್ಯ ಬರಲಿಲ್ಲ.

ಓದಿದೆ, ನೀನೇ ಕೇಳಿದ್ದೀಯ. ಅನ್ನದ ಮುಂದೆ ಆಡಿದ ಮಾತನ್ನೂ ಬಿಡದೆ ಓದಿದೆ. ನೀನು ನನ್ನನ್ನು ಒಮ್ಮೆಯೂ ನೋಡಲಿಲ್ಲ. ಹುಲಗಪ್ಪ ನೋಡಿದ. ಏನಾದರೂ ಬೈಯುತ್ತಾನೆಂದು ಕಾದೆ. "ಓದಿ ಮುಗೀತೇನ್ರಿ ಅಕ್ಕಾರ? ನಾ ಎಲ್ಲಿ ಸಹಿ ಮಾಡಬೇಕು?" ಎಂದಷ್ಟೇ ಕೇಳಿದ.

ಇವರು ಅವತ್ತೇ ನನ್ನ ಬಟ್ಟೆಯ ಪೆಟ್ಟಿಗೆಯನ್ನು ಅಂಗಳದಲ್ಲಿಟ್ಟರು. ಮನೆಯ ಮಾತನ್ನು ಸಭೆಯಲ್ಲಿ ಆಡಿದವಳು ಮನೆಯಲ್ಲಿ ಇರಬಾರದಂತೆ. ಅವ್ವನ ಮನೆಗೆ ಬಂದಿದ್ದೇನೆ. ಇವರೂ ಬಸವಂತ್ರಾಯನೂ ಈಗ ಮತ್ತೆ ಗೆಳೆಯರು. ಒಂಬತ್ತು ಸದಸ್ಯರಿಂದ ಅವಿಶ್ವಾಸಕ್ಕೆ ಸಹಿ ಹಾಕಿಸಿದ್ದಾರೆ. ಏಪ್ರಿಲ್ ಹದಿನಾರಕ್ಕೆ ಸಭೆ. ನಾನು ಇಳಿದ ಮೇಲೆ ಹೊಸ ಅಧ್ಯಕ್ಷರಿಂದ ಆ ಠರಾವು ರದ್ದು ಮಾಡಿಸುತ್ತಾರೆ, ಠರಾವು ಹೋದರೆ ಕರಾರನ್ನು ಹರಿದು ಹಾಕುವುದು ಬಸವಂತ್ರಾಯನಿಗೆ ಕಷ್ಟವಲ್ಲ ಎಂದು ಮಾಳಮ್ಮ ಕೇಳಿಸಿಕೊಂಡು ಬಂದು ಹೇಳಿದಳು. ಎಚ್ಚರವಾಗಿರು.

ನನಗಾಗಿ ಏನೂ ಕೇಳುವುದಿಲ್ಲ. ಒಂದೇ ಒಂದು ಸಾಲು ಬರೆ. ನಿನ್ನ ಮನಸ್ಸು ತಣ್ಣಗಾಯಿತಾ?

ಪಂಚಶೀಲಾ

*

ನಾಗರಬಂಡಿ
6 ಏಪ್ರಿಲ್ 2025

ಪಂಚಿ,

ಇಲ್ಲ, ತಣ್ಣಗಾಗಿಲ್ಲ. ನೀನು ಓದಿದ್ದನ್ನು ಕೇಳಿ ಹಗುರಾಗುತ್ತೇನೆ ಅಂದುಕೊಂಡಿದ್ದೆ, ಆಗಲಿಲ್ಲ. ನಿನ್ನ ಹೆಸರು ಬಂದರೆ ಇನ್ನೂ ಹಿಟ್ಟು ಬಿಟ್ಟು ಎದ್ದು ಹೋಗುತ್ತೇನೆ. ಈ ಸಿಟ್ಟು ಎಷ್ಟು ವರ್ಷ ಇರುತ್ತದೋ ಗೊತ್ತಿಲ್ಲ, ನನ್ನ ಸಿಹಿ ಮಾತಿಗೆ ಕಾಯಬೇಡ.

ಹುಲಗಪ್ಪ ಕೆಲಸಕ್ಕೆ ಬಂದಿದ್ದಾನೆ. ನನ್ನ ಜೊತೆ ಮಾತಾಡುವುದಿಲ್ಲ. ಉಪ್ಪು ಬೇಕಾದರೆ ಬೇರೆಯವರನ್ನು ಕೇಳುತ್ತಾನೆ. ಅದು ಅವನ ಹಕ್ಕು.

ಆದರೆ ನಿನ್ನ ಪತ್ರವನ್ನು ಅವನಿಗೆ ಓದಿ ಹೇಳಿದೆ, ಉಳಿದ ಹದಿನೇಳು ಜನರಿಗೂ ಓದಿದೆ. ಎಲ್ಲರೂ ಹದಿನಾರನೇ ತಾರೀಖಿಗೇ ವಾರದ ರಜೆ ಬರೆದುಕೊಟ್ಟಿದ್ದೇವೆ. ಬೇಡ ಅನ್ನಲು ಬಸವಂತ್ರಾಯನಿಗೆ ಬರುವುದಿಲ್ಲ, ಸಹಿ ಅವನದೇ. ಮೊದಲ ಚೀಟಿ ಹುಲಗಪ್ಪನದು. ಆ ದಿನ ಹೋಟೆಲಿನ ಒಲೆ ಹತ್ತುವುದಿಲ್ಲ. ಹತ್ತೊಂಬತ್ತು ಜನ, ಜೊತೆಗೆ ನಮ್ಮ ಮನೆಮಂದಿ, ಪಂಚಾಯಿತಿ ಬಾಗಿಲಲ್ಲಿ ನಿಂತಿರುತ್ತೇವೆ. ಆ ಒಂಬತ್ತು ಸದಸ್ಯರ ಒಂಬತ್ತೂ ವಾರ್ಡಿನಲ್ಲಿ ನಮ್ಮವರ ಮತಗಳಿವೆ. ಯಾರ ಕೈ ಏಳುತ್ತದೆ ಎಂದು ಕಿಟಕಿಯಿಂದ ನೋಡುತ್ತೇವೆ, ನಾವು ನೋಡುತ್ತಿದ್ದೇವೆ ಎಂದು ಅವರಿಗೂ ಗೊತ್ತಾಗಬೇಕು.

ಬೆಳಗಿನ ಮೊದಲ ಬಸ್ಸಿಗೆ ಬಾ. ಬಂದು ನಿನ್ನ ಕುರ್ಚಿಯಲ್ಲಿ ಕೂರು. ಇದನ್ನು ಕ್ಷಮೆ ಅಂದುಕೊಳ್ಳಬೇಡ. ನಿನ್ನ ಮೇಲೆ ಸೇಡು ತೀರಿಸಿಕೊಳ್ಳುವುದು ನನ್ನ ಹಕ್ಕು, ಅದನ್ನು ಬಸವಂತ್ರಾಯನಿಗೆ ಬಿಟ್ಟುಕೊಡಲಾರೆ.

ಮಸರತ